ಅವ್ವನ ಪಕ್ಕದ ಕೇಬಲ್ಲು

ಬ್ಯಾಡರಹಳ್ಳಿ, ಮಾಗಡಿ ರಸ್ತೆ
12 ಫೆಬ್ರವರಿ 2004

ಪ್ರೀತಿಯ ಅಣ್ಣಾ,

ಗುಂತಕಲ್ಲಿನ ನೀರು ಹೊಟ್ಟೆಗೆ ಒಗ್ಗಿತಾ? ರೈಲ್ವೆ ಕ್ವಾರ್ಟರ್ಸಿನಲ್ಲಿ ಅತ್ತಿಗೆ, ಮಕ್ಕಳು ಚೆನ್ನಾಗಿದ್ದಾರೆ ಅಂದುಕೊಂಡಿದ್ದೀನಿ. ಇಲ್ಲಿ ಅಪ್ಪನ ಮಂಡಿನೋವು ಹಾಗೇ ಇದೆ. ಊರಿಕೊಂಡು ಓಡಾಡಲಿ ಅಂತ ಕೋಲು ಕೊಡಿಸಿದರೆ ಅದರಲ್ಲಿ ಹಸು ಅಟ್ಟುತ್ತಾರೆ.

ಫೋನ್ ಕಂಪನಿಯ ವಿಷಯ ಏನಾಯ್ತು ಅಂತ ಕೇಳಿದ್ದೆಯಲ್ಲ, ಅದು ಮುಗಿಯಿತು. ನಮ್ಮ ಹೊಲದ ಅಂಚಿನಲ್ಲಿ ಮಂಗಳೂರಿಗೆ ಹೋಗುವ ಕೇಬಲ್ಲು ಮೊದಲೇ ಇತ್ತು. ಅದು ಸಾಲುತ್ತಿಲ್ಲ, ಪಕ್ಕದಲ್ಲೇ ಇನ್ನೊಂದು ಹೂಳಬೇಕು ಅಂತ ಸುಣ್ಣದ ಗೆರೆ ಎಳೆದರು. ಗೆರೆ ನೇರ ಅವ್ವನ ಸಮಾಧಿಯ ಮೇಲೇ ಹಾಯ್ದಿತ್ತು. ಒಂದು ಕಡೆ ರಸ್ತೆ, ಇನ್ನೊಂದು ಕಡೆ ಬಂಡೆ, ಬೇರೆ ಜಾಗ ಇಲ್ಲ ಅಂದರು. ನೀನು ಫೋನಿನಲ್ಲಿ "ನಾಲ್ಕು ಕಲ್ಲು ತಾನೇ, ಆಚೆ ಇಡ್ಸಿ" ಅಂದದ್ದನ್ನು ನಾನು ಅಪ್ಪನಿಗೆ ಹೇಳಲಿಲ್ಲ. ಅವರು ಕಂಪನಿಯವರ ಜೊತೆ ಜಗಳವಾಡಲಿಲ್ಲ. ಬೆಳಿಗ್ಗೆ ಹೋಗಿ ಸಮಾಧಿಯ ಮೇಲೆ ಕೂತರು. ಊಟ ಅಲ್ಲಿಗೇ ಒಯ್ದೆ. ಜೆಸಿಬಿಯವನು ಕಾದು ಕಾದು ವಾಪಸ್ಸು ಹೋದ. ಮಾರನೇ ದಿನವೂ ಅದೇ.

ಕೊನೆಗೆ ಕಂಪನಿಯ ಇಂಜಿನಿಯರ್ ಅರುಣ್ ಕುಮಾರ್ ಬಂದು ಅಪ್ಪನ ಪಕ್ಕ ನೆಲದ ಮೇಲೇ ಕೂತರು. "ಅಗಿಯಲ್ಲ ಯಜಮಾನ್ರೇ, ಇರೋ ಕೇಬಲ್ಲಲ್ಲೇ ಕೆಲ್ಸ ಆಗುತ್ತೆ" ಅಂದರು. ಅದರೊಳಗೆ ಕೂದಲಿನಷ್ಟು ಸಣ್ಣ ಗಾಜಿನೆಳೆಗಳಿವೆಯಂತೆ. ಇಷ್ಟು ದಿನ ಒಂದೊಂದು ಎಳೆಯಲ್ಲಿ ಒಂದೇ ಬಗೆಯ ಬೆಳಕು ಹೋಗುತ್ತಿತ್ತು, ಇನ್ನು ಹದಿನಾರು ಬಗೆಯದನ್ನು ಒಟ್ಟಿಗೆ ಬಿಡುತ್ತಾರಂತೆ. ಒಂದೊಂದರ ಅಲೆಯ ಉದ್ದ ಬೇರೆ, ಅಂದರೆ ಬಣ್ಣ ಬೇರೆ ಇದ್ದ ಹಾಗೆ. ನಮ್ಮ ಕಣ್ಣಿಗೆ ಮಾತ್ರ ಯಾವುದೂ ಕಾಣುವುದಿಲ್ಲ. ಒಂದೊಂದೂ ತನ್ನ ಸುದ್ದಿ ತಾನು ಹೊತ್ತು ಹೋಗುತ್ತದೆ. ದೂರದ ದಾರಿಯಲ್ಲಿ ಬೆಳಕು ಸೊರಗುವುದರಿಂದ ಅಲ್ಲಲ್ಲಿ ಯಂತ್ರವಿಟ್ಟು ಬಲ ಕೊಡುತ್ತಾರೆ. ಮಂಗಳೂರಲ್ಲಿ ಮತ್ತೆ ಬೇರೆ ಬೇರೆ ಮಾಡಿಕೊಳ್ಳುತ್ತಾರೆ.

"ಅಷ್ಟೊಂದು ಒಂದ್ರಲ್ಲೇ ಹೋದ್ರೆ ಕಲಸಿಹೋಗಲ್ವಾ ಸಾರ್?" ಅಂತ ಅಪ್ಪ ಕೇಳಿದರು. "ಇಲ್ಲ, ಅದರ ಪಾಡಿಗೆ ಅದು ಹೋಗುತ್ತೆ." ಅಪ್ಪ ಸಮಾಧಿಯ ಕಲ್ಲು ಸವರಿ, "ಇವಳಿಗೆ ಸದ್ದು ಗಿದ್ದು ಕೇಳ್ಸಲ್ಲ ತಾನೇ?" ಅಂದರು. ಇಂಜಿನಿಯರ್ ನಗಲಿಲ್ಲ. "ಏನೂ ಕೇಳ್ಸಲ್ಲ" ಅಂದರು.

ಹೊರಡುವಾಗ ಅವರು ನನಗೊಬ್ಬಳಿಗೇ ಹೇಳಿದ್ದು ಇಷ್ಟು: ಮಂಗಳೂರಿನಿಂದ ಇಲ್ಲಿತನಕ ಅಗೆಯುವುದಕ್ಕಿಂತ ಯಂತ್ರ ಹಾಕುವುದೇ ಅಗ್ಗ ಅಂತ ಮೇಲಿನವರು ತೀರ್ಮಾನಿಸಿದ್ದಂತೆ, ಸಮಾಧಿಯ ಮಾತೇ ಅಲ್ಲಿ ಬರಲಿಲ್ಲವಂತೆ. ಅದನ್ನೂ ಅಪ್ಪನಿಗೆ ಹೇಳಲಿಲ್ಲ. ತಾನು ಕೂತಿದ್ದಕ್ಕೇ ಕೆಲಸ ನಿಂತಿತು ಅಂದುಕೊಂಡಿದ್ದಾರೆ. ಈಗ ಹೊಟ್ಟೆ ತುಂಬ ಉಣ್ಣುತ್ತಾರೆ, ನನ್ನ ಸಾರಿಗೆ ಉಪ್ಪು ಕಮ್ಮಿ ಅಂತ ಬೈಯುತ್ತಾರೆ.

ಅತ್ತಿಗೆಯನ್ನು ಕೇಳಿದೆ ಅಂತ ಹೇಳು. ಮಕ್ಕಳಿಗೆ ತಾತನ ಆಶೀರ್ವಾದ.

ನಿನ್ನ ತಂಗಿ,
ಅಂಬುಜಾ

ವಿ.ಸೂ.: ನಿನ್ನೆ ಮೂವರು ಬಂದು ಹೊಲ ಅಳೆದು ಕಲ್ಲು ನೆಟ್ಟು ಹೋದರು. ಸೈಟು ಮಾಡಿ ಮಾರೋಕೆ ನೀನೇ ಕಳಿಸಿದ್ದು ಅಂತ ನನ್ನ ಹತ್ತಿರ ಹೇಳಿದರು. ಒಂದು ಕಲ್ಲು ಅವ್ವನ ತಲೆದೆಸೆಯಲ್ಲೇ ಇದೆ. ಕೇಬಲ್ಲಿನವರಿರಬೇಕು ಅಂತ ಅಪ್ಪ ಅವರಿಗೆಲ್ಲ ಮಜ್ಜಿಗೆ ಕೊಟ್ಟರು. ಈ ವಿಷಯ ನಾನು ಹೇಳಲ್ಲ ಅಣ್ಣಾ. ನೀನೇ ಬಂದು ಹೇಳು.