ಇನ್ನು ಮೂರೇ ಡ್ರಿಪ್ಪು

ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸ್,
ಹದಿನಾಲ್ಕನೇ ತಾರೀಖು, ಶುಕ್ರವಾರ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಭಾವನ ಕೆಮ್ಮು ಬಿಟ್ಟಿತಾ? ಹೆರಿಗೆಗೆಂದು ಬಂದಿರುವ ಪುಟ್ಟಿ ಎಂಟನೇ ತಿಂಗಳಲ್ಲೂ ಮನೆಯೆಲ್ಲ ಓಡಾಡುತ್ತಾಳೆ, ಹಳ್ಳದ ಪಕ್ಕದ ನಮ್ಮ ಬಾವಿ ನೀರು ಬಿಟ್ಟು ಬೇರೆ ನೀರು ಮುಟ್ಟುವುದಿಲ್ಲ ಎಂದು ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ ನನಗೇ ಗೊತ್ತಿಲ್ಲ. ಇಲ್ಲಿ ಅಮ್ಮ ಆರಾಮ. ನಿನ್ನೆ ಕೊನೆಯ ಡ್ರಿಪ್ಪು ಮುಗಿಯಿತು. ಗಡ್ಡೆ ಕರಗಿದೆ ಎಂದರು ಡಾಕ್ಟರು. ಕೂದಲು ಉದುರಿದ ತಲೆ ಸವರಿಕೊಂಡು, ಹುಟ್ಟೋ ಮಗುವಿಗೂ ನನಗೂ ಒಂದೇ ನಮೂನೆ ಕುಲಾವಿ ಸಾಕು ಎಂದು ನರ್ಸನ್ನು ನಗಿಸಿದಳು.

ನನ್ನ ಕೆಲಸದ ಸುದ್ದಿ ಕೇಳಿದ್ದೀಯ. ಮನೆಯಲ್ಲಿ ಸಿಗದ ಗೌರವ ನಿನಗೆ ಕೊಳಚೆ ತೊಟ್ಟಿಯ ಹುಳುಗಳ ಹತ್ತಿರವಾದರೂ ಸಿಕ್ಕಿತಲ್ಲ ಎಂದು ಭಾವ ರೇಗಿಸುತ್ತಿದ್ದರು. ನಿಜವೇ. ನಾನು ಗಾಳಿ ಊದಿ ಸಾಕುವ, ಕಣ್ಣಿಗೆ ಕಾಣದ ಆ ಹುಳುಗಳೇ ಆಸ್ಪತ್ರೆಯ ಹೊಲಸೆಲ್ಲ ತಿಂದು ನೀರು ತಿಳಿ ಮಾಡುವುದು. ಆ ನೀರು ನಿಮ್ಮೂರಿನ ಹಳ್ಳಕ್ಕೇ ಹೋಗುತ್ತದೆ. ಕ್ಯಾನ್ಸರ್ ವಾರ್ಡಿನದು ಮಾತ್ರ ಅವುಗಳ ಹತ್ತಿರ ಬರಬಾರದು. ಡ್ರಿಪ್ಪು ಹಾಕಿಸಿಕೊಂಡವರ ಉಚ್ಚೆಯಲ್ಲಿ ಎರಡು ಮೂರು ದಿನ ಗಡ್ಡೆ ಕೊಲ್ಲುವ ಆ ಮದ್ದು ಇಳಿಯುತ್ತಲೇ ಇರುತ್ತದೆ. ಅದಕ್ಕೆಂದೇ ಬೇರೆ ತೊಟ್ಟಿ ಇತ್ತು. ಚಳಿಗಾಲದಲ್ಲಿ ಅದು ಬಿರುಕು ಬಿಟ್ಟಿತು. ರಿಪೇರಿ ಆಗುವವರೆಗೆ ದೊಡ್ಡ ತೊಟ್ಟಿಗೇ ಸೇರಿಸು ಎಂದರು ಸೂಪರಿಂಟೆಂಡೆಂಟರು. ಪೈಪು ಕೂಡಿಸಿದ್ದು ಇದೇ ಕೈ. ಗುರುವಾರ ವಾರ್ಡಿನಲ್ಲಿ ಡ್ರಿಪ್ಪು. ಶನಿವಾರಕ್ಕೆ ನನ್ನ ಹುಳುಗಳು ಸತ್ತು ತೊಟ್ಟಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬುಧವಾರದ ಹೊತ್ತಿಗೆ ಅಳಿದುಳಿದವು ಹೇಗೋ ಚೇತರಿಸಿಕೊಳ್ಳುತ್ತವೆ. ಸರ್ಕಾರದವರ ಪರೀಕ್ಷೆಗೆ ಬಾಟಲಿಯಲ್ಲಿ ತೊಟ್ಟಿ ನೀರು ತುಂಬಿ ಕೊಡುವುದೂ ಬುಧವಾರವೇ. ಆ ದಿನ ಆರಿಸಿದವನೂ ನಾನೇ.

ಯಾರಿಗೂ ಹೇಳಲಿಲ್ಲವೇ ಎನ್ನುತ್ತೀಯ. ಹೇಳಿದೆ. "ನಿಮ್ಮಮ್ಮನಿಗೆ ಹಾಸಿಗೆ ಸಿಕ್ಕಿದ್ದು ಯಾರ ಸಹಿಯಿಂದ, ನೆನಪಿದೆಯಾ?" ಎಂದರು ಸೂಪರಿಂಟೆಂಡೆಂಟರು, ನಗುತ್ತಲೇ. ನಾನೂ ನಕ್ಕೆ ಅಕ್ಕಾ. ನನ್ನಂಥ ನಾಚಿಕೆಗೆಟ್ಟವನನ್ನು ನೀನು ಎತ್ತಿ ಆಡಿಸಿದ್ದೆ. ನಮಗೇನು, ಕ್ವಾರ್ಟರ್ಸಿಗೆ ಕುಡಿಯುವ ನೀರು ಟ್ಯಾಂಕರಿನಲ್ಲಿ ಬರುತ್ತದೆ.

ಭಾವನಿಗೆ ನಮಸ್ಕಾರ ತಿಳಿಸು. ಪುಟ್ಟಿಗೆ ಮಾವನ ಆಶೀರ್ವಾದ, ಅದಕ್ಕೆ ಇನ್ನೂ ಬೆಲೆ ಇದ್ದರೆ.

ನಿನ್ನ ತಮ್ಮ,
ಗುಂಡ

ತಾ.ಕ.: ಪುಟ್ಟಿಗೆ ಬಾವಿ ನೀರು ಕೊಡಬೇಡ, ಒಂದು ಗುಟುಕೂ ಬೇಡ. ಹೊಟ್ಟೆಯಲ್ಲಿರುವ ಮಗುವಿಗೆ ಏನಾದರೂ ಆಗುತ್ತದಾ ಎಂದು ಡಾಕ್ಟರನ್ನು ಕೇಳಿದೆ. ಆಗಬಹುದು, ಆಗದೆಯೂ ಇರಬಹುದು, ಯಾರೂ ಅಳೆದು ನೋಡಿಲ್ಲ ಎಂದರು. ನಿನ್ನೆ ಅಮ್ಮನ ಮೈಗೆ ಹೋದ ಮದ್ದೂ ಈಗ ನಿನ್ನ ಕಡೆಗೇ ಹೊರಟಿದೆ. ಪುಟ್ಟಿ ಬಂದ ವಾರವೇ ಇದನ್ನು ಬರೆಯಲು ಕೂತಿದ್ದೆ, ಎರಡು ತಿಂಗಳ ಹಿಂದೆ. ಅಮ್ಮ ಪೆನ್ನು ಕಿತ್ತುಕೊಂಡಳು. "ನಿಮ್ಮಕ್ಕನಿಗೆ ಗೊತ್ತಾದ್ರೆ ಇಲ್ಲಿಗೇ ಬಂದು ಕೂಗಾಡ್ತಾಳೆ, ನನ್ನ ಹಾಸಿಗೆ ಹೋಗುತ್ತೆ. ಇನ್ನು ಮೂರೇ ಡ್ರಿಪ್ಪು ಕಣೋ, ಆಮೇಲೆ ಬರಿ" ಎಂದಳು. ನನಗೂ ಅಮ್ಮ ಬೇಕಾಗಿದ್ದಳು. ಕಾದೆ. ಇದರ ಜೊತೆಗಿಟ್ಟಿರುವ ಕುಲಾವಿ, ಆ ಮೂರು ಡ್ರಿಪ್ಪು ಇಳಿಯುವಾಗ ಅವಳು ಕೂತು ಹೆಣೆದದ್ದು.