ರೆಡಿ ಅನ್ನುವ ಮೊದಲು

ಮಾರ್ಚ್ 3, ಸೋಮವಾರ

ಬೆಳಗ್ಗೆಯಿಂದ ಹದಿನಾಲ್ಕು ಪಾಸ್‌ಪೋರ್ಟ್ ಸೈಜ್. ಗಲ್ಲ ಮೇಲೆ, ಕಣ್ಣು ಇಲ್ಲಿ, ನಗಬೇಡಿ. ಅದೇ ಗಿಳಿಪಾಠ. ನಗಬೇಡಿ ಅಂದರೆ ಸಾಕು, ಅದುವರೆಗೆ ಮುಖ ಗಂಟು ಹಾಕಿಕೊಂಡಿದ್ದವರಿಗೂ ನಗು ಉಕ್ಕಿ ಬರುತ್ತದೆ.

ಮಧ್ಯಾಹ್ನ ಬಡಗಿಯ ಹೆಂಡತಿ ಬಂದರು. ಎರಡು ಬೀದಿ ಆಚೆ ಅವರ ಅಂಗಡಿ. ಹೋದ ವಾರ ಬಡಗಿ ಲೈಸೆನ್ಸಿಗೆಂದು ಫೋಟೋ ತೆಗೆಸಿಕೊಂಡು ಹೋಗಿದ್ದರು. ಗುರುವಾರ ಕೆಲಸ ಮಾಡುತ್ತಲೇ ಕುಸಿದು ಬಿದ್ದರಂತೆ. ಹೋಗಿಯೇ ಬಿಟ್ಟರು. ಈಗ ಅದರದ್ದೇ ದೊಡ್ಡ ಪ್ರಿಂಟ್ ಬೇಕು. ಸ್ಕ್ರೀನಿನಲ್ಲಿ ತೋರಿಸಿದೆ. ತುಂಬಾ ಹೊತ್ತು ನೋಡಿದರು.

"ಇವರು ಯಾರ ಮೇಲೋ ಸಿಟ್ಟಾಗಿದಾರಲ್ಲಮ್ಮ. ನಮ್ಮನೆಯವ್ರು ಹೀಗಿರ್ಲಿಲ್ಲ."

ಅಪ್ಪ ಕಲಿಸಿದ ಪದ್ಧತಿ ಒಂದಿದೆ. ರೆಡಿ ಅನ್ನುವ ಮೊದಲು ಒಮ್ಮೆ ಒತ್ತಬೇಕು, ಲೈಟ್ ನೋಡಲಿಕ್ಕೆ ಮಾತ್ರ. ಟ್ರಯಲ್. ಗಿರಾಕಿಗೆ ಗೊತ್ತೇ ಆಗುವುದಿಲ್ಲ. ಬಾಗಿಲು ಹಾಕುವ ಮುಂಚೆ ಟ್ರಯಲ್‌ಗಳನ್ನೆಲ್ಲ ಅಳಿಸಿಬಿಡುವುದು. ಹೋದ ವಾರ ಸೋಮಾರಿತನ — ಅಳಿಸಿರಲಿಲ್ಲ. ಬಡಗಿಯದ್ದು ಸಿಕ್ಕಿತು. ಕೂತಿಲ್ಲ ಇನ್ನೂ. ಬಗ್ಗಿ, ನನ್ನ ಸ್ಟೂಲಿನ ಕಾಲನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದಾರೆ. ಯಾರಪ್ಪ ಇದನ್ನು ಮಾಡಿದ ಪುಣ್ಯಾತ್ಮ ಅನ್ನುವ ಹಾಗೆ ಅರ್ಧ ನಗು.

"ಇದೇ, ಇದೇ. ಯಾರ ಮನೆಗೆ ಹೋದ್ರೂ ತಟ್ಟಿ ನೋಡ್ದೆ ಕೂರ್ತಿರ್ಲಿಲ್ಲ. ನನಗೆ ಮರ್ಯಾದೆ ಹೋಗೋದು."

ನಗುತ್ತಲೇ ಅತ್ತರು. ಮೂವತ್ತು ವರ್ಷ ಈ ಕಸುಬು ಮಾಡಿ, ಯಾರಿಗಾದರೂ ಅವರ ಮನುಷ್ಯನನ್ನು ನಿಜವಾಗಿ ವಾಪಸ್ ಕೊಟ್ಟದ್ದು ಇವತ್ತೇ ಮೊದಲು. ಅದೂ ಸೋಮಾರಿತನದಿಂದ.

ಮಾರ್ಚ್ 5

ಅಳಿಸುವುದು ಬಿಟ್ಟಿದ್ದೇನೆ. ಇವತ್ತಿನವು: ಬ್ಯಾಂಕಿನ ಗುಮಾಸ್ತ, ಕನ್ನಡಿಯಲ್ಲಿ ತನ್ನ ಹಲ್ಲು ಪರೀಕ್ಷಿಸುತ್ತ. ನವದಂಪತಿ — ಅವಳು ಅವನ ಕಾಲರ್ ಸರಿಮಾಡುತ್ತಿದ್ದಾಳೆ, ಅವನು ಉಸಿರು ಬಿಗಿಹಿಡಿದು ನಿಂತಿದ್ದಾನೆ. ಒಬ್ಬ ಅಜ್ಜಿ, ಚಪ್ಪಲಿ ಬಿಚ್ಚಿ ಸ್ಟೂಲಿನ ಕೆಳಗೆ ಮೊಮ್ಮಗಳ ಚಪ್ಪಲಿಯ ಪಕ್ಕ ಜೋಡಿಸುತ್ತಿದ್ದಾರೆ.

ನಾನು ರೆಡಿ ಅಂದಕೂಡಲೇ ಇವರೆಲ್ಲ ಎಲ್ಲಿ ಹೋಗುತ್ತಿದ್ದರು?

ಮಾರ್ಚ್ 14, ಶುಕ್ರವಾರ

ಟ್ರಯಲ್‌ಗಳ ಚಿಕ್ಕ ಪ್ರಿಂಟ್ ತೆಗೆದು ಕವರಿನಲ್ಲಿ ಸುಮ್ಮನೆ ಸೇರಿಸುತ್ತಿದ್ದೇನೆ. ನರ್ಸ್ ಒಬ್ಬಳು ತಿರುಗಿ ಬಂದು, "ನಾನು ಇಷ್ಟು ಚೆನ್ನಾಗಿದೀನಾ?" ಎಂದು ಕೇಳಿ ಹೋದಳು. ಆದರೆ ಲೆಕ್ಕದ ಮೇಷ್ಟ್ರೊಬ್ಬರು ಉರಿದುಬಿದ್ದರು.

"ಏನ್ರೀ ಇದು? ಹೊಟ್ಟೆ ಕಾಣ್ತಿದೆ!"

"ಸಾರ್, ಹೊಟ್ಟೆ ಇದ್ದಿದ್ದಕ್ಕೆ ಕಂಡಿದೆ."

"ಅಳಿಸ್ರೀ ಮೊದಲು!"

ಅಳಿಸಿದೆ, ಅವರ ಎದುರಿಗೇ. ಅವರ ಮುಖ, ಅವರ ಹಕ್ಕು. ಇನ್ನು ಮೇಲೆ ಕೇಳಿಯೇ ಕೊಡಬೇಕು. ಆದರೂ ಸಂಜೆವರೆಗೆ ಮನಸ್ಸು ಹಗುರವಾಗಿತ್ತು. ಬೆಳಗ್ಗೆ ಬಾಗಿಲು ತೆಗೆಯಲು ಒಂದು ಕಾರಣ ಸಿಕ್ಕಿದೆ, ಈ ಐವತ್ನಾಲ್ಕನೇ ವಯಸ್ಸಿನಲ್ಲಿ.

ಮಾರ್ಚ್ 29

ಹದಿನೈದು ದಿನ ಬರೆಯಲಿಲ್ಲ. ಬರೆದರೆ ಇದನ್ನೇ ಬರೆಯಬೇಕಾಗುತ್ತಿತ್ತು.

ಹೋದ ವರ್ಷ ನನ್ನ ತಂಗಿಯ ಟ್ರಯಲ್ ಕೂಡ ಹಾಗೇ ಅಳಿಸಿದ್ದೆ.

ಮೊದಲಿನಿಂದ. ಅಪ್ಪ ಹೋಗಿ ನಾಲ್ಕು ವರ್ಷ. ಗೋಡೆಗೆ ಹಾಕುವ ಫೋಟೋ ನಾನೇ ಮಾಡಿದ್ದು. ಐಡಿ ಕಾರ್ಡಿನದ್ದನ್ನು ದೊಡ್ಡದು ಮಾಡಿ, ಸುಕ್ಕು ತೆಗೆದು, ಕಂಪ್ಯೂಟರಿನಲ್ಲಿ ಕೋಟು ಟೈ ಹಾಕಿದೆ. ಗಿರಾಕಿಗಳಿಗೆ ದಿನಾ ಮಾಡುವುದೇ. ಅಪ್ಪ ಜನ್ಮದಲ್ಲಿ ಕೋಟು ಮುಟ್ಟಿದವರಲ್ಲ. ಬಂಧುಗಳ ಎದುರಿಗೆ ತಂಗಿ, "ಅಕ್ಕ, ಈ ಬ್ಯಾಂಕ್ ಮ್ಯಾನೇಜರ್ ಯಾರು?" ಅಂದಳು. ನಕ್ಕಳು. ಅಳುತ್ತ ನಕ್ಕದ್ದು ಎಂದು ಈಗ ಗೊತ್ತಾಗುತ್ತದೆ. ಆಗ ಮೈಯೆಲ್ಲ ಉರಿಯಿತು. "ಕಾಯಿಲೆಯಲ್ಲಿ ಒಂದು ದಿನ ಪಕ್ಕದಲ್ಲಿ ಕೂರದವಳು ಫೋಟೋ ನೋಡಿ ನಗೋಕೆ ಬಂದ್ಯಾ?" ಅಂದೆ. ಸುಳ್ಳು. ಪ್ರತಿ ಭಾನುವಾರ ಬಂದು ಕೂತಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮೂರು ವರ್ಷ ಮಾತಿಲ್ಲ. ಹೋದ ಅಕ್ಟೋಬರಿನಲ್ಲಿ ಒಂದು ದಿನ ಸ್ಟುಡಿಯೋಗೆ ಬಂದಳು. "ನಾಲ್ಕು ಪಾಸ್‌ಪೋರ್ಟ್ ಸೈಜ್" ಅಂದಳು. ಕೂರಿಸಿದೆ. ಗಲ್ಲ ಮೇಲೆ, ಕಣ್ಣು ಇಲ್ಲಿ. ಕವರ್ ಕೊಟ್ಟೆ. ಹೋದಳು.

ಬಂದವರನ್ನೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ — ಯಾವುದಕ್ಕೆ? ವೀಸಾಕ್ಕೆ ಒಂದು ಅಳತೆ, ಪರೀಕ್ಷೆಗೆ ಒಂದು, ಲೈಸೆನ್ಸಿಗೆ ಇನ್ನೊಂದು. ಭಿಕ್ಷುಕ ಬಂದರೂ ಕೇಳುತ್ತೇನೆ. ಅವಳನ್ನು ಕೇಳಲಿಲ್ಲ. ಕೇಳಿದರೆ ನಾನೇ ಮೊದಲು ಮಾತಾಡಿಸಿದ ಹಾಗಾಗುತ್ತಿತ್ತಲ್ಲ...

ಏಪ್ರಿಲ್ 2, ಬುಧವಾರ

ಆ ಅಕ್ಟೋಬರಿನಲ್ಲೇ ಕ್ಯಾಮರಾದ ಮೆಮೊರಿ ಕಾರ್ಡ್ ಕೈಕೊಟ್ಟಿತ್ತು, ಹೊಸದು ಹಾಕಿದ್ದೆ. ಹಳೆಯದು ಡ್ರಾಯರಿನಲ್ಲೇ ಇತ್ತು. ಅಳಿಸಿದ್ದು ವಾಪಸ್ ಬರುತ್ತದೆಯೇ ನೋಡಿ ಎಂದು ಪಕ್ಕದ ಮೊಬೈಲ್ ರಿಪೇರಿಯವರಿಗೆ ಕೊಟ್ಟೆ. ಬೀದಿಯವರೆಲ್ಲ ಡಾಕ್ಟರ್ ಅನ್ನುತ್ತಾರೆ ಅವರನ್ನು.

"ಅಳಿಸಿದ ಮೇಲೆ ಇದರಲ್ಲಿ ಬೇರೆ ಫೋಟೋ ತೆಗ್ದಿಲ್ಲ ತಾನೆ? ಹಾಗಾದ್ರೆ ಜೀವ ಇದೆ ಮೇಡಂ."

ಸಂಜೆ ಐದಕ್ಕೆ ಕರೆದರು. ಇನ್ನೂರು ಚಿಲ್ಲರೆ ಮುಖಗಳು. ನಡುವೆ ಅವಳು.

ತೆಳ್ಳಗಾಗಿದ್ದಾಳೆ. ಅವತ್ತು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು, ಅದರ ಮೇಲೆ ಎರಡೂ ಕೈ. ಬಾಯಿ ಸ್ವಲ್ಪ ತೆರೆದಿದೆ. ಕೂತವರೆಲ್ಲ ಲೆನ್ಸ್ ನೋಡುತ್ತಾರೆ, ಇಲ್ಲವೇ ಗೋಡೆ. ಇವಳ ಕಣ್ಣು ಲೆನ್ಸಿಗಿಂತ ಒಂದು ಗೇಣು ಮೇಲಿದೆ. ಅಲ್ಲಿ ಇದ್ದದ್ದು ನನ್ನ ಮುಖ.

ಏನೋ ಹೇಳಲು ಹೊರಟಿದ್ದಾಳೆ. ಮುಂದಿನ ಫ್ರೇಮಿನಲ್ಲಿ ಬಾಯಿ ಮುಚ್ಚಿದೆ, ಗಲ್ಲ ಮೇಲಿದೆ, ಲೈಟ್ ಚೆನ್ನಾಗಿದೆ. ನಡುವೆ ಏನಾಯಿತು ಎಂದು ಗೊತ್ತು. ನಾನು ರೆಡಿ ಅಂದೆ.

ಏಪ್ರಿಲ್ 6, ಭಾನುವಾರ

ಅವಳ ಮನೆ ಕಡೆಗೆ ಬಸ್ಸು ಹತ್ತಿದೆ. ನಡುವೆ ಬಸ್ ಬದಲಾಯಿಸಬೇಕು. ಕಿಟಕಿಯಿಂದ ನೋಡುತ್ತ ಹೋದೆ. ಅವಳ ಬೀದಿಯ ಮೂಲೆಯಿಂದ ನನ್ನ ಅಂಗಡಿಯವರೆಗೆ ಹನ್ನೊಂದು ಸ್ಟುಡಿಯೋಗಳಿವೆ. ಮೊದಲನೆಯದು ಅವಳ ಮನೆ ಎದುರಿಗೇ. ಹನ್ನೊಂದನ್ನೂ ದಾಟಿ ಬಂದಿದ್ದಳು.

ಇಳಿಯಲಿಲ್ಲ. ಬಂದ ದಾರಿಯಲ್ಲೇ ವಾಪಸ್ ಬಂದೆ. ಹೇಡಿ.

ಏಪ್ರಿಲ್ 7, ಬೆಳಗ್ಗೆ 11

ಫೋನ್ ಮಾಡಿದೆ. ಎರಡನೇ ರಿಂಗಿಗೇ ಎತ್ತಿದಳು. ಏನು ಹೇಳಬೇಕು ತಿಳಿಯದೆ ಅದನ್ನೇ ಕೇಳಿದೆ.

"ಅವತ್ತು ಫೋಟೋ... ಯಾವುದಕ್ಕೆ ಬೇಕಿತ್ತು?"

"ಆರು ತಿಂಗಳಾದ್ಮೇಲೆ ಕೇಳ್ತೀಯಲ್ಲ ಅಕ್ಕ. ಆಸ್ಪತ್ರೆ ಕಾರ್ಡಿಗೆ. ಆಪರೇಷನ್ ಇತ್ತು. ಗಡ್ಡೆ."

"ಯಾರಿದ್ರು ಜೊತೇಲಿ?"

"ಯಾರೂ ಇರ್ಲಿಲ್ಲ. ನೀನು ಬರ್ತೀಯಾ ಅಂತ ಕೇಳೋಕೆ ಬಂದಿದ್ದೆ. ನಿನ್ನ ಮುಖ ನೋಡಿದ್ಮೇಲೆ ಧೈರ್ಯ ಬರ್ಲಿಲ್ಲ."

ಅವಳೇ ಮುಂದುವರಿಸಿದಳು: "ಫಾರ್ಮಲ್ಲಿ ಹತ್ತಿರದ ಸಂಬಂಧಿ ಅಂತ ನಿನ್ನ ನಂಬರೇ ಬರ್ದಿದ್ದೆ. ಏನಾದ್ರೂ ಆದ್ರೆ ಫೋನ್ ಬರೋದು. ಏನೂ ಆಗ್ಲಿಲ್ಲ, ಹಾಗಾಗಿ ಬರ್ಲಿಲ್ಲ."

ಏನೂ ಆಗದಿದ್ದರಿಂದ ನನಗೆ ತಿಳಿಯಲಿಲ್ಲ. ಆಗಿದ್ದರೆ ತಿಳಿಯುತ್ತಿತ್ತು.

ಹದಿನೇಳಕ್ಕೆ ಚೆಕಪ್ ಅಂತೆ. ನಾನು ಬರ್ತೀನಿ ಅಂದೆ. "ನೋಡೋಣ" ಅಂದಳು.

ಏಪ್ರಿಲ್ 9

ಆ ಟ್ರಯಲ್ ಪ್ರಿಂಟ್ ಹಾಕಿದೆ. ಕಳಿಸಬೇಕೆಂದುಕೊಂಡೆ. ಬೇಡ. ನನಗೆ ಅದರಲ್ಲಿ ಅರ್ಥ ಕಂಡಿರಬಹುದು. ಅವಳಿಗೆ ಅದು ಯಾರೂ ಜೊತೆಗಿಲ್ಲದ ತಿಂಗಳಿನ ಫೋಟೋ.

ಏಪ್ರಿಲ್ 17, ಬೆಳಗ್ಗೆ 10.20

ಆಸ್ಪತ್ರೆಯ ವರಾಂಡ. ಕ್ಯಾಮರಾ ತಂದಿಲ್ಲ. ಕೈ ಸುಮ್ಮನಿರದೆ ಇದನ್ನು ಬರೆಯುತ್ತಿದ್ದೇನೆ.

ಒಂಬತ್ತಕ್ಕೆ ಬಂದಳು. ನನ್ನನ್ನು ಕಂಡು ನಿಂತಳು. ನಡುವೆ ಒಂದು ಕುರ್ಚಿ ಬಿಟ್ಟು ಕೂತಳು. ಬಿಸಿಲು ಜಾಸ್ತಿ ಅಂದೆ. ಹೂಂ ಅಂದಳು. ಒಂದು ಗಂಟೆಯಲ್ಲಿ ನಾವು ಆಡಿದ್ದು ಇಷ್ಟೇ.

ನರ್ಸ್ ಹೆಸರು ಕೂಗಿದಳು. ನನ್ನನ್ನು ನೋಡಿ, "ನೀವು ಇವರಿಗೆ ಏನಾಗ್ಬೇಕು?" ಅಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ತಂಗಿಯೇ ಉತ್ತರ ಕೊಟ್ಟಳು.

"ಇವರು ಫೋಟೋ ಸ್ಟುಡಿಯೋದವ್ರು."

ಹೇಳಿ ನನ್ನ ಕಡೆ ತಿರುಗಿದಳು. ನಗು ಇತ್ತೋ ಇರಲಿಲ್ಲವೋ, ಹೇಳಲಾರೆ. ಜೀವನವಿಡೀ ಮುಖ ನೋಡಿಯೇ ಹೊಟ್ಟೆ ಹೊರೆದವಳಿಗೆ ಒಂದು ಮುಖ ಗೊತ್ತಾಗಲಿಲ್ಲ. ನಡುವಿನ ಕುರ್ಚಿಯ ಮೇಲೆ ತನ್ನ ಚೀಲ ಇಟ್ಟು ಒಳಗೆ ಹೋದಳು. ನೋಡಿಕೋ ಎಂದು ಹೇಳಲಿಲ್ಲ. ನಾನು ಅದರ ಮೇಲೆ ಕೈ ಇಟ್ಟು ಕೂತಿದ್ದೇನೆ.

ಹೊರಗೆ ಬಂದಾಗ ಮೊದಲ ಮಾತು ನನ್ನದೇ ಆಗಬೇಕು. ಬಿಸಿಲಿನ ಸುದ್ದಿ ಅಲ್ಲ. ಬರೆದಿಟ್ಟುಕೊಳ್ಳುತ್ತೇನೆ, ಇಲ್ಲದಿದ್ದರೆ ಬಾಯಿಗೆ ಬಂದದ್ದು ಹೇಳಿಬಿಡುತ್ತೇನೆ —

ತಂಗೀ, ಪ್ರತಿ ಭಾನುವಾರ ನೀನು ಬರ್ತಿದ್ದೆ. ನಾನು ಅವತ್ತು ಎಲ್ಲರ ಎದುರಿಗೆ ಸುಳ್ಳು — ಬಾಗಿಲು ತೆರೆಯಿತು. ಬಂದಳು.