ತಳದ ಜಾಲರಿ

ಮಾರ್ಚ್ 3, ಮಂಗಳವಾರ

ಪಂಪ್ ರೂಮು. ಈಜುಕೊಳ ಅಂತೂ ತುಂಬಿತು. ಒಡೆದ ಟೈಲ್ಸ್ ಬದಲಾಯಿಸಲು ಖಾಲಿ ಮಾಡಿದ್ದು. ನಲ್ಲಿಯ ಪೈಪು ಕೆಟ್ಟು ಕೂತಿದೆ, ಹಾಗಾಗಿ ಹಿಂದಿನ ಬಾವಿಯಿಂದಲೇ ಎರಡು ದಿನ ಎಳೆದೆ. ನೀರು ತಿಳಿಯಾಗಿದೆ ಅಂತ ಎಲ್ಲರೂ ಹೇಳಿದರು. ಮ್ಯಾನೇಜರ್ ಬಗ್ಗಿ ನೋಡಿ, "ಫಸ್ಟ್ ಕ್ಲಾಸ್! ಕ್ಲೋರಿನ್ ಹಾಕಿಬಿಡಿ. ಸೋಮವಾರ ಓಪನ್" ಎಂದ. ಬಾವಿ ನೀರು, ಮೊದಲು ಪರೀಕ್ಷೆ ಮಾಡಿಸಬೇಕು ಎಂದೆ. "ಏನು, ಕುಡಿಯೋಕಾ ಅದು?" ಎಂದು ನಕ್ಕ.

ಈ ಕೊಳ ನೋಡಿಕೊಳ್ಳಲು ಬಂದು ಹದಿನೆಂಟು ವರ್ಷ. ಆದರೂ ಬಾಯಿ ಮುಚ್ಚಿಕೊಂಡು ಹಾಕಿದೆ.

ಮಾರ್ಚ್ 4, ಬುಧವಾರ

ಕೊಳದ ತುಂಬ ಚಹಾ.

ನನಗೆ ಗೊತ್ತಾಗಲಿಲ್ಲ — ಅದನ್ನೇ ಬರೆಯಬೇಕು. ಬೆಳಿಗ್ಗೆ ಎಂದಿನಂತೆಯೇ ಕಂಡಿತು. ಟಿಫನ್ ಡಬ್ಬಿ ತಂದ ನಮ್ಮವರೇ, "ಏನೇ ಇದು, ಊರಿಗೆಲ್ಲ ಚಹಾ ಸೋಸಿಟ್ಟಿದ್ದೀಯ?" ಎಂದರು. ಬಾವಿಯಲ್ಲಿ ಕಬ್ಬಿಣ ಇದೆ. ಕರಗಿರುವಷ್ಟು ಹೊತ್ತು ಕಾಣುವುದಿಲ್ಲ. ಕ್ಲೋರಿನ್ ತಾಗಿದ್ದೇ ತಡ, ತುಕ್ಕು. ಮೊದಲು ಕಬ್ಬಿಣ ಹಿಡಿಯುವ ಔಷಧಿ, ಆಮೇಲೆ ಕ್ಲೋರಿನ್. ಗೊತ್ತಿದ್ದೂ ಉಲ್ಟಾ ಮಾಡಿದೆ.

ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಮುಂದಿನ ತಿಂಗಳು. ಮ್ಯಾನೇಜರಿಗೆ ಹೇಳಿಲ್ಲ, ಹೇಳಿದರೆ ಗೇಟಿನ ಆಚೆ. ಪರೀಕ್ಷೆಯ ಟ್ಯೂಬಿನ ಬಣ್ಣ ನೋಡಿ ಹೇಳುವುದು ನಮ್ಮವರು. ನಲವತ್ತು ವರ್ಷ ಟೈಲರ್, ಬಟ್ಟೆಗೆ ದಾರ ಹೊಂದಿಸಿದ ಕಣ್ಣು. "ಇದು ಗುಲಾಬಿ ಅಲ್ಲ ಕಣೇ, ಹತ್ತು ಸಲ ಒಗೆದ ಗುಲಾಬಿ." ಬಣ್ಣ ತೆಳುವಾಗಿದೆ ಅಂದರೆ ಕ್ಲೋರಿನ್ನನ್ನೆಲ್ಲ ಕಬ್ಬಿಣವೇ ತಿಂದು ಮುಗಿಸಿದೆ.

ಮಾರ್ಚ್ 6, ಶುಕ್ರವಾರ

ಪಟಿಕ ಹಾಕಿ, ಪಂಪ್ ನಿಲ್ಲಿಸಿ, ಇಡೀ ದಿನ ಬಿಟ್ಟಿದ್ದೆ. ತಳಕ್ಕಿಳಿದ ಕೆಸರನ್ನು ಎಳೆದು ಚರಂಡಿಗೆ ಬಿಟ್ಟೆ. ಪಟಿಕದಿಂದ ನೀರು ಹುಳಿಗೆ ತಿರುಗಿತು, ಪಿಎಚ್ ಬಿತ್ತು. ಸೋಡಾ ಹಾಕಿ ಎತ್ತಿದೆ. ಎತ್ತಿದ್ದೇ ತಡ, ಉಳಿದ ಕಬ್ಬಿಣ ಮತ್ತೆ ಬಣ್ಣ ಬಿಟ್ಟಿತು. ಅತ್ತ ದರಿ, ಇತ್ತ ಪುಲಿ.

ನಮ್ಮವರು ಮನೆಯ ದಿಂಬು ಬಿಚ್ಚಿ ಒಳಗಿನ ಪಾಲಿಯೆಸ್ಟರ್ ಹತ್ತಿ ತಂದರು. ತೂತು ಕೊರೆದ ಬಕೆಟ್ಟಿಗೆ ತುರುಕಿ, ನೀರು ಅದರೊಳಗೆ ಹಾಯುವಂತೆ ಮಾಡಿದೆ. ಒಂದೇ ಗಂಟೆಗೆ ಹತ್ತಿ ಇಟ್ಟಿಗೆ ಬಣ್ಣ ಅಂತೆ. ಐದು ದಿಂಬು ಮುಗಿಯಿತು. "ಇನ್ಮೇಲೆ ತಲೆ ಕೆಳಗೆ ನಿನ್ನ ಕೈಯೇ ಗತಿ" ಎಂದು ರೇಗಿಸಿದರು.

ಗೇಟಿನ ಹತ್ತಿರ ಟೀಚರಮ್ಮ ಸಿಕ್ಕರು. ವಯಸ್ಸು ಎಪ್ಪತ್ತೊಂದು. ಮೂವತ್ತು ದಾಟಿದ್ದ ನನಗೆ ಇದೇ ಕಟ್ಟೆಯ ಮೇಲೆ ಕೂರಿಸಿಕೊಂಡು ಅಕ್ಷರ ಕಲಿಸಿದವರು. ಈ ಪುಸ್ತಕದ ಚಟ ಹತ್ತಿಸಿದವರೂ ಅವರೇ. "ದಿನಾ ನಾಲ್ಕು ಸಾಲು ಬರಿ. ಕಂಡದ್ದು ಬರಿ, ಕಥೆ ಕಟ್ಟಬೇಡ."

"ಮಂಡಿ ಹಿಡ್ಕೊಂಡುಬಿಟ್ಟಿದೆ ಕಣೇ. ನೀರಿಗಿಳಿದ್ರೇನೇ ನಾನು ಮನುಷ್ಯಳು. ಸೋಮವಾರ ಗ್ಯಾರಂಟಿನಾ?"

"ಗ್ಯಾರಂಟಿ ಟೀಚರಮ್ಮ."

ನಮ್ಮವರು ಅವರಿಗೆ ಹೊಸ ಈಜುಡುಗೆ ಹೊಲಿದು ಕೊಟ್ಟಿದ್ದಾರೆ. ಕಡು ನೀಲಿ. ನನ್ನ ಕಣ್ಣಿಗೆ ಕಪ್ಪೇ.

ಮಾರ್ಚ್ 8, ಭಾನುವಾರ

"ಚಹಾ ಹೋಯ್ತು. ಈಗ ಪಾತ್ರೆ ತೊಳೆದ ನೀರು" ಎಂದರು ನಮ್ಮವರು. ಪಿಎಚ್ ಏಳೂವರೆ. ಕ್ಲೋರಿನ್ ಸರಿ. ಎಲ್ಲ ಸರಿ, ಮಬ್ಬೊಂದು ಬಿಟ್ಟು.

ಗೋಡೆಯ ಮೇಲೆ ನಿಯಮ ಇದೆ. ಆಳದ ತುದಿಯಲ್ಲಿ ನಿಂತು ನೋಡಬೇಕು, ತಳದಲ್ಲಿ ನೀರು ಹೊರಹೋಗುವ ಕಪ್ಪು ಜಾಲರಿ ಕಂಡರೆ ಮಾತ್ರ ಬಾಗಿಲು ತೆಗೆಯಬೇಕು. ಯಾರಾದರೂ ಮುಳುಗಿದರೆ ಕಾಣಬೇಕಲ್ಲ.

"ಜಾಲರಿ ಕಾಣ್ತಿದೆಯಾ ರೀ?"

"ಇಲ್ಲ. ಇನ್ನೆರಡು ದಿನ ಬಿಡು."

ಸಂಜೆ ಮ್ಯಾನೇಜರ್. ಹೇಳಿದೆ. "ಜಾಲರಿ ಕಾಲು ಬಂದು ಎಲ್ಲಿಗಾದ್ರೂ ಹೋಗುತ್ತೇನಮ್ಮಾ? ಅಲ್ಲೇ ಇರುತ್ತೆ. ನಾಳೆ ಸೈನ್ ಮಾಡಿ. ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳಿ, ಬೇರೆಯವರನ್ನ ನೋಡ್ತೀನಿ."

ಮಾರ್ಚ್ 9, ಸೋಮವಾರ. ಬೆಳಿಗ್ಗೆ 6:00

ಆಳದ ತುದಿಯಲ್ಲಿ ನಿಂತೆ. ಹದಿನೆಂಟು ವರ್ಷ ನೋಡಿದ ಜಾಲರಿ. ಕಣ್ಣು ಮುಚ್ಚಿದರೂ ಕಾಣುತ್ತದೆ. ಮುಚ್ಚಿದಾಗಲೇ ಚೆನ್ನಾಗಿ ಕಾಣುತ್ತದೆ... ಗೇಟಿನಲ್ಲಿ ಟೀಚರಮ್ಮ ಬೀಗ ಬಡಿಯುತ್ತಿದ್ದರು. ಲಾಗ್ ಪುಸ್ತಕದಲ್ಲಿ "ಕಂಡಿದೆ" ಎಂದು ಬರೆದು ಸಹಿ ಹಾಕಿದೆ. ಬಾಗಿಲು ತೆಗೆದೆ.

ನಮ್ಮವರು ಬರುವುದು ಏಳಕ್ಕೆ. ಲೈಫ್‌ಗಾರ್ಡೂ ಏಳಕ್ಕೇ. ಅಲ್ಲಿಯವರೆಗೆ ಕಾವಲು ನಾನೇ.

6:25

ಹೋಗಿ ನೋಡಿ ಬಂದೆ. ಜಾಲರಿ ಕಾಣುತ್ತಿದೆ! ನೆನಪಲ್ಲ, ನಿಜವಾಗಿ. ಆಳದಲ್ಲಿ ಕಪ್ಪಗೆ, ದಪ್ಪಗೆ. ಐದು ದಿಂಬು ಹೋದದ್ದು ದಂಡವಾಗಲಿಲ್ಲ. ದೊಡ್ಡ ಭಾರ ಇಳಿದಂತಾಯಿತು. ಟೀಚರಮ್ಮ ಕಾಣಲಿಲ್ಲ, ನೀರಿಂದ ಎದ್ದು ಸ್ನಾನಕ್ಕೆ ಹೋಗಿರಬೇಕು. ಬಂದ ಮೇಲೆ ಅವರಿಗೆ ಮೊದಲು ಹೇಳಬೇಕು.

ಮಾರ್ಚ್ 15, ಭಾನುವಾರ

ಆರು ದಿನ ಪೆನ್ನು ಮುಟ್ಟಲಿಲ್ಲ.

ಏಳಕ್ಕೆ ನಮ್ಮವರು ಬಂದರು. ನೀರಿನ ಕಡೆ ನೋಡಿದರು. ಡಬ್ಬಿ ಕೈಯಿಂದ ಬಿತ್ತು. ತಾವೇ ಹೊಲಿದ ಬಟ್ಟೆ, ಅವರಿಗೆ ಗುರುತು ಸಿಗದೆ ಇರುತ್ತದೆಯೇ. ಲೈಫ್‌ಗಾರ್ಡ್ ಹಾರಿ ಎತ್ತಿ ತಂದ. ತಲೆ ಸುತ್ತಿ ಮುಳುಗಿರಬೇಕು ಎಂದರು ಡಾಕ್ಟರ್. ತಕ್ಷಣ ಎತ್ತಿದ್ದರೆ ಉಳಿಯುತ್ತಿದ್ದರಂತೆ.

ಮ್ಯಾನೇಜರ್ ನಿನ್ನೆ ಮನೆಗೇ ಬಂದಿದ್ದ. "ಲಾಗ್‌ನಲ್ಲಿ ಕಂಡಿದೆ ಅಂತ ಇದೆ, ನಿಮ್ಮ ಸಹಿ ಇದೆ. ಅದನ್ನೇ ಹೇಳಿ ಸಾಕು. ಇಬ್ರೂ ಬಚಾವ್." ಈ ಪುಸ್ತಕದ ವಿಷಯ ಅವನಿಗೆ ಗೊತ್ತಿಲ್ಲ. ಅವನು ಹೋದ ಮೇಲೆ ನಮ್ಮವರು, "ಆ ಪುಟ ಹರಿದ್ಹಾಕು" ಎಂದರು. ಮತ್ತೆ ತಾವೇ, "ಬೇಡ, ಇರ್ಲಿ" ಎಂದರು.

ಮಾರ್ಚ್ 16, ಸೋಮವಾರ. ಬೆಳಿಗ್ಗೆ 9:00

ಹನ್ನೊಂದಕ್ಕೆ ವಿಚಾರಣೆ. ಹೇಳಿಕೆಯನ್ನು ಸ್ವಂತ ಕೈಯಲ್ಲಿ ಬರೆದುಕೊಡಬೇಕಂತೆ. ಟೀಚರಮ್ಮನ ಮಗಳೂ ಇರುತ್ತಾಳೆ. ಅವಳ ಅಮ್ಮ ಕಲಿಸಿದ ಅಕ್ಷರದಲ್ಲೇ ಬರೆಯಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ನನ್ನ ಎರಡೂ ಕಣ್ಣಿಗೆ ಪೊರೆ ಇದೆ. ಕೆಲಸದ ಕಡೆ ಯಾರಿಗೂ ಹೇಳಿರಲಿಲ್ಲ. ಆರು ಗಂಟೆಗೆ ಜಾಲರಿ ನನಗೆ ಕಾಣಲಿಲ್ಲ. ಕಂಡಿದೆ ಎಂದು ಸುಳ್ಳು ಬರೆದೆ. ಬಾಗಿಲು ತೆಗೆದೆ. ಆರೂ ಇಪ್ಪತ್ತೈದಕ್ಕೆ ಆಳದಲ್ಲಿ ಕಪ್ಪಗೆ ಕಂಡಿತು. ಅದು ಟೀಚರಮ್ಮ. ಜಾಲರಿ ಎಂದುಕೊಂಡು ನಾನು, ಅಲ್ಲೇ ದಡದಲ್ಲಿ ನಿಂತು,